ಅಜ್ಜಿಯ ಮುಖದ ಮೇಲಿನ ಬಿಳಿ ವೃತ್ತ

ಯೋಗ್ಯಕರ್ತ ನಗರ
ಗುರುವಾರ, ಅಕ್ಟೋಬರ್ 16

ನನ್ನ ಲಾರಾಸ್‌ಗೆ,

ಒಂದೇ ರೂಮಿನಲ್ಲಿದ್ದುಕೊಂಡು ಕಾಗದ ಬರೆಯುತ್ತಿದ್ದಾಳೆ, ತಲೆ ಕೆಟ್ಟಿದೆ ಅಂದುಕೊಳ್ಳಬೇಡ. ಎದುರಿಗೆ ಹೇಳಲು ಬಂದರೆ ನಾನು ಅಳುತ್ತೇನೆ, ನೀನು ಸಮಾಧಾನ ಮಾಡುತ್ತೀಯ, ವಿಷಯ ಅಲ್ಲಿಗೇ ನಿಲ್ಲುತ್ತದೆ. ಸ್ಕೂಲ್ ಹಾಸ್ಟೆಲ್‌ನಲ್ಲಿ ಆರು ವರ್ಷ ಹಾಗೇ ಆಗಿದೆ.

ನಿನ್ನ ಕ್ಯಾಮೆರಾ ಬರುವ ಮುಂಚೆ ಕಾಲೇಜಿನ ಫೋಟೋ ಕ್ಲಬ್ಬಿನಲ್ಲಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಫೋಟೋ ಅಂದರೆ ನಾನೊಬ್ಬಳೇ. ಹಸಿರೆಲೆ ಬೆಳ್ಳಗಾಗುತ್ತೆ, ನೀಲಿ ಆಕಾಶ ಕಪ್ಪಾಗುತ್ತೆ ಅಂತ ನಿಮಗೆಲ್ಲ ತೋರಿಸಿದವಳು ನಾನು. ನನ್ನ ಹಳೇ ಕ್ಯಾಮೆರಾಕ್ಕೆ ಒಂದು ಕಪ್ಪು ಫಿಲ್ಟರ್, ಅಷ್ಟೇ. ಟ್ರೈಪಾಡ್ ನಿಲ್ಲಿಸಿ, ಮೊದಲು ಫೋಕಸ್ ಮಾಡಿ, ಆಮೇಲೆ ಅಲುಗದಂತೆ ಫಿಲ್ಟರ್ ತಿರುಗಿಸಿ ಹಾಕಿ, ಮೂವತ್ತು ಸೆಕೆಂಡು ಉಸಿರು ಬಿಗಿಹಿಡಿಯಬೇಕು. ಅಷ್ಟರಲ್ಲಿ ಗಾಳಿ ಬೀಸಿದರೆ ಮರವೆಲ್ಲ ಹಿಂಜಿದ ಹತ್ತಿ.

ಆಗ ಸುರಬಾಯದ ನಿನ್ನ ಮಾವ, ಸೆನ್ಸರ್ ಮುಂದಿನ ಗಾಜನ್ನೇ ತೆಗೆಸಿ ಇನ್‌ಫ್ರಾರೆಡ್ ಗಾಜು ಹಾಕಿಸಿದ ಕ್ಯಾಮೆರಾ ಕಳಿಸಿದರು. ಫಿಲ್ಟರ್ ಇಲ್ಲ, ಟ್ರೈಪಾಡ್ ಇಲ್ಲ, ಕೈಯಲ್ಲೇ ಹಿಡಿದು ಟಕ್ ಟಕ್. ನೆನಪಿದೆಯಾ, ಎಲ್ಲರೆದುರು ನೀನು ಏನಂದೆ? "ಏ ವೆನಿಂಗ್, ನಿನ್ನ ಫೋಟೋ ಇನ್ನೂ ಬೆಂದಿಲ್ವೇನೇ? ನಾನು ಹೋಗಿ ಸೋತೋ ಸೂಪ್ ಕುಡ್ಕೊಂಡು ಬರ್ತೀನಿ ಬಿಡು." ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತನ್ನು ಮರೆಯಲಿಲ್ಲ.

ಪ್ರದರ್ಶನಕ್ಕೆ ಮೊದಲ ವರ್ಷದವರಿಂದ ಒಂದೇ ಫೋಟೋ ಅಂತ ಕ್ಲಬ್ಬಿನ ಮೇಡಂ ಬು ಸುಲಾಸ್ತ್ರಿ ಹೇಳಿದರಲ್ಲ, ನೀನು ಊರಿಂದ ಅಜ್ಜಿಯನ್ನು ಕರೆಸಿದೆ. "ಅಜ್ಜಿ ಮುಖ ಹತ್ರದಿಂದ ಬರ್ಬೇಕು ಕಣೇ, ನಿನ್ನ ಲೆನ್ಸ್ ಕೊಡ್ತೀಯಾ?" ಅಂದೆ. ನಾನು ಕೊಟ್ಟೆ. "ಅಪರ್ಚರ್ ಕಿಂಡಿ ಚಿಕ್ಕದು ಮಾಡ್ಕೋ, ಅಜ್ಜೀನ ಸರಿಯಾಗಿ ಮಧ್ಯಕ್ಕೆ ಕೂರ್ಸು" ಅಂತ ಉಪದೇಶ ಬೇರೆ.

ಆ ಲೆನ್ಸ್ ಮಾಮೂಲಿ ಫೋಟೋಗೆ ಚೆನ್ನಾಗಿದೆ. ಇನ್‌ಫ್ರಾರೆಡ್‌ನಲ್ಲಿ ಮಾತ್ರ ಚಿತ್ರದ ನಟ್ಟನಡುವೆ ಬೆಳ್ಳನೆಯ ವೃತ್ತ ಬೀಳುತ್ತದೆ, ಅಪರ್ಚರ್ ಚಿಕ್ಕದಾದಷ್ಟೂ ಜಾಸ್ತಿ. ಅದರಿಂದ ನನ್ನ ಒಂದು ತಿಂಗಳ ಫೋಟೋ ಹಾಳಾಗಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಕ್ಯಾಮೆರಾ ಪರದೆಯ ಮೇಲೆ ನಿನಗೆ ಅದು ಕಾಣುವುದಿಲ್ಲ ಅಂತಲೂ ಗೊತ್ತಿತ್ತು. ಎಲ್ಲ ಗೊತ್ತಿತ್ತು, ಲಾರಾಸ್.

ಅಜ್ಜಿ ಹೊಸ ಕೆಬಾಯ ರವಿಕೆ ತೊಟ್ಟು ಆಲದ ಮರದ ಕೆಳಗೆ ಒಂದು ಗಂಟೆ ಕೂತರು. ಹಾಸ್ಟೆಲ್‌ಗೆ ಬಂದಾಗಲೆಲ್ಲ ಬಾಳೆಲೆಯ ತಿಂಡಿ ಪೊಟ್ಟಣ ಎರಡು, ನಿನಗೊಂದು ನನಗೊಂದು, ತರುತ್ತಿದ್ದ ಅಜ್ಜಿ. ಅವತ್ತೂ ನನ್ನನ್ನು ಕರೆದು, "ನೀನ್ಯಾಕೆ ದೂರ ನಿಂತಿದೀಯ ಮಗಾ, ಬಾ, ನೀನೂ ಕೂತ್ಕೋ" ಅಂದರು. ನಾನು ಹೋಗಲಿಲ್ಲ. ಮಧ್ಯದಲ್ಲಿ ಒಬ್ಬರೇ ಇರಬೇಕಿತ್ತಲ್ಲ.

ಬು ಸುಲಾಸ್ತ್ರಿ ಪ್ರಿಂಟ್ ಎತ್ತಿ ಹಿಡಿದು, "ಏನಮ್ಮಾ, ಅಜ್ಜಿ ಮುಖಕ್ಕೆ ಹಪ್ಪಳ ಅಂಟಿಸಿದೀಯ?" ಅಂದಾಗ ನೀನು ನನ್ನ ಕಡೆ ತಿರುಗಿದೆ. ಸಿಕ್ಕಿಬಿದ್ದೆ ಅಂದುಕೊಂಡೆ. ನೀನು ನನ್ನ ಕೈ ಹಿಡಿದು, "ಸಾರಿ ಕಣೇ, ನಿನ್ನ ಲೆನ್ಸ್ ಬಿಸಿಲಲ್ಲಿಟ್ಟು ನಾನೇ ಕೆಡ್ಸಿಬಿಟ್ಟೆ" ಅಂತ ಅತ್ತೆ.

ನಾನು "ಪರ್ವಾಗಿಲ್ಲ ಬಿಡೇ" ಅಂದೆ. ನಿನ್ನನ್ನು ಕ್ಷಮಿಸಿದೆ! ಮಾರನೇ ದಿನ ನನ್ನ ಫೋಟೋ ಆಯ್ಕೆಯಾಯಿತು.

ಲೆನ್ಸ್ ಕೆಟ್ಟಿಲ್ಲ. ಕೆಟ್ಟವಳು ನಾನು. ಅಜ್ಜಿಗೆ ನೀನು ಹೇಳಬೇಡ, ನಾನೇ ಊರಿಗೆ ಹೋಗಿ ಹೇಳುತ್ತೇನೆ.

ಇನ್ನೂ ನಿನ್ನವಳೇ ಆಗಿದ್ದರೆ ನಿನ್ನ,
ವೆನಿಂಗ್

ತಾ.ಕ.: ಇದರ ನಕಲನ್ನು ಬು ಸುಲಾಸ್ತ್ರಿಯವರ ಬಾಗಿಲಡಿ ತಳ್ಳಿ ಬಂದಿದ್ದೇನೆ. ನೀನು ಓದುವ ಹೊತ್ತಿಗೆ ನನ್ನ ಫೋಟೋ ಗೋಡೆಯಿಂದ ಇಳಿದಿರುತ್ತದೆ. ನನ್ನನ್ನು ಒಳ್ಳೆಯವಳು ಅಂದುಕೊಳ್ಳಬೇಡ. ತಳ್ಳಿದ ಮೇಲೆ ಅರ್ಧ ಗಂಟೆ ಅಲ್ಲೇ ಮಂಡಿಯೂರಿ, ಸ್ಕೇಲು ತೂರಿಸಿ ಅದನ್ನು ಈಚೆಗೆ ಎಳೆಯಲು ನೋಡಿದೆ. ಇನ್ನೂ ಒಳಗೆ ಹೋಯಿತು.