ಟಾರ್ಚ್ ಹಿಡಿದವಳು

ಟೂಸಾನ್, ಜೂನ್ 14, ಶುಕ್ರವಾರ

ಡೆಲ್ಫೀನ್ ಅವರಿಗೆ,

ನಾನು ಆರ್ಲೀನ್, ವರ್ನನ್‌ನ ಮೊದಲ ಹೆಂಡತಿ. ನಾಳೆ ಬೈಕ್ ಕ್ಲಬ್ಬಿನವರೊಂದಿಗೆ ನೀವಿಬ್ಬರೂ ಬೆಟ್ಟಕ್ಕೆ ಹೊರಡುವ ಮುನ್ನ ಇದನ್ನು ಓದಿ.

ಕ್ಲಬ್ಬಿನ ಪತ್ರಿಕೆಯಲ್ಲಿ ಬೈಕಿನ ಜೊತೆ ನಿಮ್ಮಿಬ್ಬರ ಫೋಟೋ ನೋಡಿದೆ. ಐವತ್ತೆರಡನೇ ಇಸವಿಯ ಆ ಬೈಕಿಗೆ ಎಣ್ಣೆ ತಣಿಸುವ ಆಯಿಲ್ ಕೂಲರ್ ನೀವೇ ಕೂರಿಸಿದಿರಂತೆ. "ಎಲ್ಲಾ ಇವಳೇ ಮಾಡಿದ್ಲು ಕಣ್ರೋ, ನಾನು ಕಾಫಿ ಕುಡೀತಾ ನಿಂತಿದ್ದೆ" ಎಂದು ಅವನು ಹೇಳಿದ್ದನ್ನೂ ಅಚ್ಚು ಹಾಕಿದ್ದಾರೆ. ಹದಿನೆಂಟು ವರ್ಷದಲ್ಲಿ ಅವನು ನನ್ನ ಕೈಗೆ ಒಂದು ಸ್ಪ್ಯಾನರನ್ನೂ ಕೊಟ್ಟವನಲ್ಲ. ಟಾರ್ಚ್ ಹಿಡಿಯುವುದಷ್ಟೇ ನನ್ನ ಕೆಲಸ. "ಅಲ್ಲಾಡಿಸ್ಬೇಡ ಕಣೇ, ನೆಟ್ಟಗೆ ಹಿಡಿ" ಎನ್ನುತ್ತಿದ್ದ. ನೆಟ್ಟಗೆ ಹಿಡಿದವಳಿಗೆ ಎಲ್ಲವೂ ಕಾಣುತ್ತದೆ.

ಕೂಲರನ್ನು ನೀವು ತಪ್ಪು ಪೈಪಿಗೆ ಸೇರಿಸಿದ್ದೀರಿ. ಎಂಜಿನ್‌ನಿಂದ ಬಿಸಿ ಎಣ್ಣೆ ಟ್ಯಾಂಕಿಗೆ ಮರಳುವ ಪೈಪಿನಲ್ಲಿ ಅದು ಇರಬೇಕು. ನೀವು ಹಾಕಿರುವುದು ಟ್ಯಾಂಕಿನಿಂದ ಎಂಜಿನ್‌ಗೆ ಇಳಿಯುವ ಪೈಪಿಗೆ. ಊರೊಳಗಿನ ಓಡಾಟದಲ್ಲಿ ಏನೂ ಗೊತ್ತಾಗುವುದಿಲ್ಲ. ಬೆಟ್ಟದ ಏರಿನಲ್ಲಿ ಕೂಲರ್ ದಾಟಿ ಇಳಿಯುವ ಎಣ್ಣೆ ಸಾಲದೆ ಎಂಜಿನ್ ಒಳಗೇ ಬಿಗಿದು ಸೀಜ್ ಆಗಿ ಹಿಂದಿನ ಚಕ್ರ ಗಕ್ಕನೆ ನಿಂತುಬಿಡುತ್ತದೆ. ಹಿಂದೆ ಕೂತಿರುವವರು ನೀವು. ಕೂಲರ್ ಯಾವ ಪೈಪಿಗೆ ಎಂಬುದು ವರ್ನನ್‌ಗೆ ಗೊತ್ತಿಲ್ಲದ್ದೇನಲ್ಲ. ಅವತ್ತು ಅವನ ಕಣ್ಣು ಪೈಪಿನ ಮೇಲಿರಲಿಲ್ಲ; ಫೋಟೋದಲ್ಲೇ ಕಾಣುತ್ತದೆ.

ಫೋನ್ ಮಾಡಿದರೆ ಅವನೇ ಎತ್ತುತ್ತಾನೆ. ಅದಕ್ಕೇ ಈ ಕಾಗದವನ್ನು ನಾನೇ ಬಂದು ನಿಮ್ಮ ಬಾಗಿಲಿಗೆ ಸಿಕ್ಕಿಸಿ ಹೋಗುತ್ತೇನೆ. ಪೈಪು ಬದಲಿಸುವುದು ಒಂದು ಗಂಟೆಯ ಕೆಲಸ. ನೀವೇ ಮಾಡಿ, ಟಾರ್ಚನ್ನು ಅವನ ಕೈಗೆ ಕೊಡಿ.

ಪತ್ರಿಕೆ ನನ್ನ ಕೈಸೇರಿ ಹನ್ನೊಂದು ದಿನವಾಯಿತು. ತಪ್ಪು ಕಣ್ಣಿಗೆ ಬಿದ್ದದ್ದು ಮೊದಲ ದಿನವೇ.

ಇತಿ,
ಆರ್ಲೀನ್