ಪೂಲ್ ಟೇಬಲ್‌ಗೆ ಸಿಕ್ಕ ಜಾಗಾ

ಅನುಸೂಯಾ,

ನೀ ಡೇರಿಗೆ ಹಾಲು ಹಾಕಾಕ ಹೋಗಿದಿ, ನನಗ ಚಿಕ್ಕೋಡಿ ಬಸ್ಸಿಗೆ ಹೊತ್ತಾತು. ಎದುರಿಗೆ ಹೇಳಾಕ ಬಾಯಿನೂ ಬರವಲ್ದು, ಅದಕ್ಕ ಬರದೇನಿ.

ಚಹಾ ಸೋಸಿ ಮುಚ್ಚಿಟ್ಟೇನಿ, ಕಾಸ್ಕೊಂಡು ಕುಡಿ. ಎಮ್ಮಿಗೆ ಮೇವು ಹಾಕೇನಿ.

ಮೊನ್ನೆ ನಾ ತಂದ ಪೂಲ್ ಟೇಬಲ್ ಸಣ್ಣದು, ಸೋವಿದು, ಮನ್ಯಾಗ ಪ್ರ್ಯಾಕ್ಟೀಸಿಗೆ ಅಷ್ಟ ಅಂತ ನಾ ಹೇಳಿದ್ದು ಖರೆ. ನಿಪ್ಪಾಣ್ಯಾಗಿನ ಪೂಲ್ ಪಂದ್ಯದಾಗ ಎರಡ ಸಲ ಮೊದಲನೇ ಆಟದಾಗ ಸೋತು ಬಂದದ್ದೂ ಖರೆ. ಆದ್ರ ಹ್ವಾದ ವರ್ಷ ಕುಬಸಾ ಕತ್ತರಸಾಕ ಒಂದ ಟೇಬಲ್ ಬೇಕಂತ ನೀ ಕೇಳಿದಾಗ, "ಮನ್ಯಾಗ ಜಾಗಾ ಎಲ್ಲೈತಿ, ನನ್ನ ತಲಿ ಮ್ಯಾಲ ಇಡ್ತಿಯೇನು?" ಅಂದಾವ ನಾನ.

ನಿನ್ನೆ ಸಂಜೀಕ ನೀ ಆ ಹಸರ ಟೇಬಲ್ ಮಗ್ಗಲಕ ನೆಲದ ಮ್ಯಾಲ ಕುಂತು, ನಡಾ ಹಿಡಕೊಂಡು, ಬಾಜೂಮನಿ ತಾರವ್ವನ ಕುಬಸಾ ಕತ್ತರಸಾಕತ್ತಿದ್ದಿ. ಟೇಬಲ್ಲಿಗೆ ಕೈನೂ ಹಚ್ಚಲಿಲ್ಲ, ನನಗ ಒಂದ ಮಾತೂ ಬೈಲಿಲ್ಲ. ಬೈಬೇಕಿತ್ತ ನೀ!

ಆ ಟೇಬಲ್ ಮ್ಯಾಲ ಪ್ಲೈವುಡ್ ಹಾಸೇನಿ. ನಿಂತು ಕತ್ತರಸಾಕ ಬರಲಿ ಅಂತ ನಾಕೂ ಕಾಲಿಗೆ ಇಟ್ಟಂಗಿ ಕೊಟ್ಟೇನಿ. ನನ್ನ ಆಟಕ್ಕ ಎತ್ತರ ಆಗತೈತಿ, ಆಗಲಿ. ಚೆಂಡು ಜ್ವಾಳದ ಡಬ್ಬಿ ಹಿಂದ ಚೀಲದಾಗ ಅದಾವ. ಇಸ್ತ್ರಿನೂ ಅದರ ಮ್ಯಾಲೇ ಮಾಡು. ಕೆಳಗಿನ ಹಸರ ಬಟ್ಟಿ ಸುಟ್ರ ಸುಡಲಿ.

ಇನ್ನೊಂದ ಮಾತು. ಟೇಬಲ್ ಬಂದ ದಿನ ಜಾಗಾ ಮಾಡಾಕ ನಾ ಸರಿಸಿದ್ದು ಒಂದ ಖುರ್ಚಿ. ನೀ ಟೇಬಲ್ ಕೇಳಿದ ದಿನಾನೂ ಅಲ್ಲಿ ಆ ಖುರ್ಚಿ ಒಂದ ಇತ್ತು.

ಮಾಳೇಶ