ಚಪಾತಿ ಮ್ಯಾಲಿನ ನೆತ್ತರ

ಶನಿವಾರ, ೧೪ ನವೆಂಬರ್ ೧೯೯೮

ಕೈ ಇನ್ನೂ ಉರಿಯಾಕತ್ತೈತಿ. ಮ್ಯಾಲಿನ ಫ್ಲ್ಯಾಟಿನ ರಷ್ಯಾದ ಓಲೆಗ್‌ಗೆ ಸೋಮವಾರ ಕೆಲಸದ ಇಂಟರ್‌ವ್ಯೂ. ಇಂಗ್ಲಿಷಿನ 'ಎ', 'ದ' ಅವನ ಭಾಷಾದಾಗೂ ಇಲ್ಲ, ನಮ್ಮದ್ರಾಗೂ ಇಲ್ಲ. "ಗುರ್ತಿಲ್ಲದವ ಎ ಮ್ಯಾನ್, ಗುರ್ತಾದ ಮ್ಯಾಲ ದ ಮ್ಯಾನ್" ಅಂತ ಚಪಾತಿ ಲಟ್ಟಿಸಿಕೋತ ಹೇಳಿಕೊಡಾಕತ್ತಿದ್ದೆ.

ಮಗ ಅಮರ ಬಂದವನೇ ಇಂಗ್ಲಿಷಿನ್ಯಾಗ ಅಂದು ನಕ್ಕ: "ಬಿಟ್ಟಾಕ್ರಿ ಟೀಚರ್, ಈ ಕುಡುಕ ಸ್ಟೂಡೆಂಟ್‌ನ!"

ಉಣ್ಣಾಕ ಕುಂತವಗ ಹಂಗಂತಾರೇನು? ಲಟ್ಟಣಿಗಿಲೆ ಮಗನ ಬಾಯಿಗೇ ಬಾರಿಸಿದೆ. ತುಟಿ ಸೀಳಿ ನೆತ್ತರ ಚಪಾತಿ ಮ್ಯಾಲ ಬಿತ್ತು. "ಏಳಬ್ಯಾಡ, ಉಣ್ಣು!" ಅಂತ ಓಲೆಗ್‌ಗೆ ಒದರಿದೆ.

ಅವ ತಾಟು ಸರಿಸಿ, ಅಮರನ ಬಾಯಿಗೆ ಐಸ್ ಒತ್ತಿ ಹಿಡಿದು, ನನಗ "ಯು ಬ್ಯಾಡ್ ಮದರ್" ಅಂದ.

ಮತ್ತ 'ಎ' ಬಿಟ್ಟಿದ್ದ. ತಿದ್ದಲಿಲ್ಲ; ನೆತ್ತರ ಹತ್ತಿದ ಚಪಾತಿ ಎತ್ತಿಟ್ಟೆ.

ಅಮರ ಉಪಾಸ ಮಲಗ್ಯಾನ. ಅವನ ಖೋಲಿ ಬಾಗಲಾ ಬಡೀಲೋ, ಬ್ಯಾಡೋ?